ಕಲ್ಲಮ್ಮಜ್ಜಿಯ ಒಂದು ನಿಮಿಷ ವಾಪಸ್ ಕೊಡುವ ಬಗ್ಗೆ

ಶ್ರೀ ನಂಜುಂಡಪ್ಪನವರ ಸನ್ನಿಧಾನಕ್ಕೆ,
ಗೌರವ ಕಾರ್ಯದರ್ಶಿಗಳು,
ಮೂರು ತಾಲ್ಲೂಕು ಕಲಾ ಬಳಗದ ಸಮುದಾಯ ಗ್ಯಾಲರಿ,
ಹಳೆಯ ಕೊಬ್ಬರಿ ಗೋದಾಮು, ಕಡೂರು.

ಮಾನ್ಯರೇ,

ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹಿಂದೆ ಹಾಲೇಶ್ ಆರ್ಟ್ಸ್ ಎಂಬ ಒಂದು ಬಾಗಿಲಿನ ಮಳಿಗೆ ಇಟ್ಟುಕೊಂಡು, ಫ್ಲೆಕ್ಸ್ ಬರುವ ಮುಂಚೆ ಅಂಗಡಿಗಳ ಬೋರ್ಡೂ ಭಾವಚಿತ್ರವೂ ಬರೆದು, ಫ್ಲೆಕ್ಸ್ ಬಂದ ಮೇಲೆ ಬರೀ ಭಾವಚಿತ್ರ ಬರೆದು ಜೀವನ ಸಾಗಿಸುತ್ತಿರುವ ಹಾಲೇಶನೆಂಬ ನಾನು, ತಮಗೂ, ತಮ್ಮ ಸಮಿತಿಗೂ, ಸಮಿತಿಯ ಉಪಸಮಿತಿಗಳಿಗೂ, ತಮ್ಮ ಕೈ ಬಿಟ್ಟು ಅಗಲದ ಆ ಮೈಕಿಗೂ ನಮಸ್ಕಾರಗಳನ್ನು ಸಲ್ಲಿಸಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ಬುಕ್ಕಾಂಬುಧಿಯ ಕಲ್ಲಮ್ಮಜ್ಜಿಯವರೂ ಕ್ಷೇಮ. ಈ ಕೊನೆಯ ವಾಕ್ಯವನ್ನು ತಾವು ದಯವಿಟ್ಟು ಎರಡು ಸಲ ಓದಿಕೊಳ್ಳಬೇಕು, ಏಕೆಂದರೆ ಪತ್ರದ ಉಳಿದ ಭಾಗವೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಅಭಿನಂದನೆ ಸಲ್ಲಬೇಕು. ಹತ್ತು ವರ್ಷದಿಂದ ಇಲಿಗಳಿಗೆ ಬಿಟ್ಟುಕೊಟ್ಟಿದ್ದ ಗೋದಾಮಿಗೆ ಸುಣ್ಣ ಬಳಿಸಿ, ಟ್ಯೂಬ್‌ಲೈಟ್ ಹಾಕಿಸಿ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಕಲಾವಿದರಿಗೆ ಇದು ನಿಮ್ಮ ಗೋಡೆ ಎಂದು ಕೊಟ್ಟವರು ತಾವು. ನಾವೇನೂ ಗೋಡೆ ಕಾಣದವರಲ್ಲ. ಆದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಬೇರೆಯವರ ಗೋಡೆಯ ಮೇಲೆ, ಬೇರೆಯವರ ಹೆಸರನ್ನು. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಮೂವತ್ತೊಂದು ಹೆಸರುಗಳನ್ನು ಅಚ್ಚು ಹಾಕಿಸಿದ ಮೇಲೂ, ಕೆಳಗೆ ಉಳಿದ ಬೆರಳಗಲ ಜಾಗದಲ್ಲಿ ‘ಹಾಗೂ ಕಲಾವಿದರು’ ಎಂದು ನಮ್ಮನ್ನು ನೆನೆದುಕೊಂಡಿರಿ. ತರೀಕೆರೆಯ ಬೃಂದಾ ಎರಡು ವರ್ಷ ಕೂತು ಬರೆದ ರೈಲ್ವೆ ಸ್ಟೇಷನ್ನಿನ ಚಿತ್ರಗಳ ಮೇಲೆ ಸರಿಯಾಗಿ ವೇದಿಕೆಯ ಬ್ಯಾನರ್ ಬಂತು, ಆದ್ದರಿಂದ ಅವುಗಳಿಗೆ ಧೂಳು ಕೂರಲಿಲ್ಲ. ಹಿರೇನಲ್ಲೂರಿನ ಕಲ್ಲೇಶಪ್ಪನವರು ತೆಂಗಿನ ಚಿಪ್ಪಿನಲ್ಲಿ ಕೆತ್ತಿ ತಂದಿದ್ದ ಹಕ್ಕಿಗಳ ಪೈಕಿ ಎರಡರ ಬೆನ್ನಿನಲ್ಲಿ ತಮ್ಮ ಸ್ವಾಗತ ಸಮಿತಿಯವರು ಅರಿಶಿನ ಕುಂಕುಮ ತುಂಬಿ ಬಾಗಿಲಲ್ಲಿಟ್ಟಿದ್ದರು. ಕಲೆ ಜನಜೀವನಕ್ಕೆ ಹತ್ತಿರವಾಗಬೇಕೆಂದು ತಾವು ಭಾಷಣದಲ್ಲಿ ಹೇಳಿದ್ದು ಇದೇ ಇರಬೇಕೆಂದು ಕಲ್ಲೇಶಪ್ಪನವರು ಸಮಾಧಾನ ಮಾಡಿಕೊಂಡರು. ನಾನೂ ಇಂಥ ಸಣ್ಣಪುಟ್ಟದ್ದಕ್ಕೆ ಪತ್ರ ಬರೆಯುವವನಲ್ಲ.

ನನ್ನ ಅಹವಾಲು ಕಲ್ಲಮ್ಮಜ್ಜಿಯವರದು. ಅವರನ್ನು ತಾವು ಒಂದೇ ದಿನ, ಅದೂ ತುಂಬಾ ಸಂಕಟದ ಸನ್ನಿವೇಶದಲ್ಲಿ ನೋಡಿದ್ದೀರಾದ್ದರಿಂದ ಪರಿಚಯ ಮಾಡಿಕೊಡುವುದು ನನ್ನ ಧರ್ಮ. ವಯಸ್ಸು ಎಪ್ಪತ್ತೆಂಟು. ಬುಕ್ಕಾಂಬುಧಿ ಕೆರೆ ಏರಿಯ ಕೆಳಗೆ ತೆಂಗಿನ ತೋಟ. ತೋಟದಲ್ಲಿ ಬಿದ್ದ ಒಂದು ಗರಿಯನ್ನೂ ಹಾಳು ಮಾಡದೆ ಸೀಳಿ, ಕಡ್ಡಿ ತೆಗೆದು, ಪರಕೆ ಕಟ್ಟಿ ಊರಿನ ಹೆಣ್ಣುಮಕ್ಕಳಿಗೆಲ್ಲ ಹಂಚುವುದು ಅವರ ಅಭ್ಯಾಸ. ಹನ್ನೆರಡು ವರ್ಷದ ಹಿಂದೆ, ತೀರಿಕೊಂಡ ಯಜಮಾನರದೊಂದು ಸ್ಟಾಂಪ್ ಸೈಜಿನ ಫೋಟೋ ಹಿಡಿದು ನನ್ನ ಮಳಿಗೆಗೆ ಬಂದಿದ್ದರು, ದೊಡ್ಡದು ಬರೆದುಕೊಡು ಎಂದು. ಬರೆದುಕೊಟ್ಟೆ. ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

“ಇವ್ರು ಇಷ್ಟ್ ಸಾಧು ಇರ್ಲಿಲ್ಲ ಕಣೋ,” ಎಂದರು. “ಸತ್ತೋರನ್ನ ಯಾರ್ ಬೇಕಾದ್ರೂ ಬರೀತಾರೆ, ಅಲ್ಲಾಡಲ್ವಲ್ಲ. ಬದುಕಿರೋರನ್ನ ಬರಿ, ನೋಡಾನ.”

ಮಾನ್ಯರೇ, ಆ ಮಾತು ನನಗೆ ಎಷ್ಟು ನಾಟಿತೆಂಬುದನ್ನು ತಾವು ಊಹಿಸಬಲ್ಲಿರಿ. ಮೂವತ್ತು ವರ್ಷದಲ್ಲಿ ನಾನು ಬರೆದ ಮುಖಗಳಲ್ಲಿ ಒಂದೂ ಬದುಕಿರುವವರದಲ್ಲ. ರೇಷನ್ ಕಾರ್ಡಿನ ಫೋಟೋ, ಮದುವೆ ಆಲ್ಬಮ್ಮಿನ ಮೂಲೆಯಲ್ಲಿ ಅರ್ಧ ಸಿಕ್ಕ ಫೋಟೋ, ಬಸ್ ಪಾಸಿನ ಫೋಟೋ, ಇವನ್ನೇ ನೋಡಿಕೊಂಡು ಕಣ್ಣಿಗೆ ಒಂದಿಷ್ಟು ಶಾಂತಿ, ತುಟಿಗೆ ಒಂದಿಷ್ಟು ಕರುಣೆ ತುಂಬಿ ಕೊಟ್ಟವನು ನಾನು. ಎಷ್ಟೋ ಮನೆಯಲ್ಲಿ ಜಗಳಗಂಟ ಮಾವಂದಿರು ನನ್ನ ಕುಂಚದ ದಯೆಯಿಂದ ಮಹಾತ್ಮರಾಗಿ ನಡುಮನೆಯಲ್ಲಿ ಕೂತಿದ್ದಾರೆ. ತಮ್ಮ ಪೂಜ್ಯ ತಂದೆಯವರನ್ನು ಬರೆದವನೂ ನಾನೇ, ತಮಗೆ ನೆನಪಿರಬಹುದು. ಈ ಮೂರು ತಾಲ್ಲೂಕಿನಲ್ಲಿ ಹಾಲೇಶ ಬರೆದ ಮುಖ ಗೋಡೆ ಮೇಲೆ ಬಂತು ಎಂದರೆ ಆ ಮನುಷ್ಯನ ತಿಥಿ ಮುಗಿದಿದೆ ಎಂದೇ ಲೆಕ್ಕ.

ಆದ್ದರಿಂದ ತಮ್ಮ ಗ್ಯಾಲರಿಗೆ ಒಂದು ಚಿತ್ರ ಕೊಡಬೇಕೆಂದು ಪತ್ರ ಬಂದಾಗ ನಾನು ಸೀದಾ ಬುಕ್ಕಾಂಬುಧಿಗೆ ಹೋಗಿ, ಅಜ್ಜಿ, ನಿನ್ನನ್ನೇ ಬರೆಯುತ್ತೇನೆ, ಕೂತುಕೋ ಎಂದೆ. ಅವರು ಒಪ್ಪುವುದಕ್ಕೆ ಎರಡು ವಾರ ತೆಗೆದುಕೊಂಡರು. ಒಪ್ಪಿದ ಮೇಲೆ ಹಾಕಿದ ಷರತ್ತು ಒಂದೇ ಒಂದು.

“ಎಲ್ಲಾದ್ರೂ ತೂಗಾಕು. ಹಾರ ಮಾತ್ರ ಹಾಕಂಗಿಲ್ಲ ಕಣೋ. ನಮ್ಮನೆ ಗೋಡೇಲಿರೋರೆಲ್ಲ ಹಾರ ಹಾಕ್ಕಂಡು ಕೂತವ್ರೆ. ನಾನೊಬ್ಳಾದ್ರೂ ಬರೀ ಕೊರಳಲ್ಲಿ ಇರ್ತೀನಿ.”

ನಾನು ಅವರ ತಲೆಬಾಗಿಲ ಹೊಸ್ತಿಲು ಮುಟ್ಟಿ ಮಾತು ಕೊಟ್ಟೆ. ಹನ್ನೊಂದು ಭಾನುವಾರ ಜಗಲಿಯ ಮೇಲೆ ಕೂತು ಬರೆದೆ. ಮುಖ ಬಂತು, ಸೆರಗು ಬಂತು, ಕತ್ತಿ ಹಿಡಿದ ಬಲಗೈ ಬಂತು. ಎಡಗೈ ಮಾತ್ರ ಬರಲೊಲ್ಲದು. ಬಲಗೈ ಪಾಪ ಒಂದೇ ಸಮನೆ ಗರಿ ಸೀಳುತ್ತದೆ. ಎಡಗೈ ಗರಿ ತಿರುಗಿಸುತ್ತದೆ, ಕೋಳಿ ಓಡಿಸುತ್ತದೆ, ಸೆರಗು ಸರಿ ಮಾಡುತ್ತದೆ, ನನ್ನನ್ನು ಬೈಯುವಾಗ ಐದು ಬೆರಳೂ ಗಾಳಿಯಲ್ಲಿರುತ್ತವೆ. ಸತ್ತವರ ಕೈ ಬರೆದು ರೂಢಿಯಾದವನಿಗೆ ಇದು ಹೊಸ ಕಷ್ಟ. ಇನ್ನೆರಡು ವಾರ ಸಮಯ ಕೊಡಿ ಎಂದು ತಮ್ಮಲ್ಲಿ ಕೇಳಿಕೊಂಡೆ. ಅತಿಥಿಗಳ ದಿನಾಂಕ ಗೊತ್ತಾಗಿದೆ, ಕೈ ತಾನೆ, ಯಾರು ನೋಡುತ್ತಾರೆ ಎಂದು ತಾವು ಫೋನಿನಲ್ಲಿ ಧೈರ್ಯ ತುಂಬಿದಿರಿ. ಹಾಗಾಗಿ ಎಡಗೈ ಬರೀ ಇದ್ದಿಲಿನ ಗೆರೆಯಲ್ಲೇ ಉಳಿದು ಚಿತ್ರ ಕಡೂರಿಗೆ ಬಂತು, ಅದರ ಹಿಂದೆಯೇ ಬೆಳಗಿನ ಬಸ್ಸಿನಲ್ಲಿ ಅಜ್ಜಿಯೂ ಮದುವೆಗೆ ಉಡುವ ಸೀರೆ ಉಟ್ಟುಕೊಂಡು ಬಂದರು.

ಇನ್ನು ಉದ್ಘಾಟನೆಯ ದಿನದ ವಿಚಾರ. ಆ ಹೊತ್ತಿನಲ್ಲಿ ನಾನು ಒಳಗಿರಲಿಲ್ಲ, ಏಕೆಂದರೆ ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿ’ ಎಂಬ ಬೋರ್ಡು ಬರೆಸುವುದು ಮರೆತುಹೋಗಿತ್ತೆಂದು ತಮ್ಮ ಸಮಿತಿಯವರು ನನ್ನ ಕೈಗೆ ರಟ್ಟು, ಬಣ್ಣ ಕೊಟ್ಟು ಹೊರಗೆ ಕೂರಿಸಿದ್ದರು. ಪ್ರದರ್ಶನದಲ್ಲಿ ಜನ ಅತಿ ಹೆಚ್ಚು ಹೊತ್ತು ನಿಂತು ಓದಿದ ನನ್ನ ಕೃತಿ ಅದೇ ಎಂದು ಆಮೇಲೆ ತಿಳಿಯಿತು. ಒಳಗೆ ನಡೆದದ್ದನ್ನು ಬೃಂದಾ ಹೇಳಿದರು. ಮೂವತ್ತೊಂದು ಅತಿಥಿಗಳಿಗೆ ಮೂವತ್ತೊಂದು ಸೇವಂತಿಗೆ ಹಾರ ಬಂದಿತ್ತು. ಒಬ್ಬ ಅತಿಥಿ ಬರಲಿಲ್ಲ. ಒಂದು ಹಾರ ಉಳಿಯಿತು. ಉಳಿದ ಹಾರವನ್ನು ಕೈಯಲ್ಲಿ ಹಿಡಿದು ತಾವು ಸುತ್ತ ನೋಡಿದಿರಿ. ನನ್ನ ಚಿತ್ರ ಕಂಡಿತು. ಹಾಲೇಶ ಬರೆದದ್ದು, ಮುದುಕಿ, ಗೋಡೆಯ ಮೇಲಿದ್ದಾಳೆ. ಅಯ್ಯೋ, ಈಯಮ್ಮನಿಗೆ ಹಾರ ಹಾಕುವುದನ್ನೇ ಮರೆತಿದ್ದಾರಲ್ಲ ಎಂದು ತಮ್ಮ ಸಂಸ್ಕಾರವಂತ ಮನಸ್ಸು ನೊಂದುಕೊಂಡಿತು. ಹಾರ ಹಾಕಿದಿರಿ. ಊದುಬತ್ತಿಯನ್ನೂ ಹಚ್ಚಿದಿರಿ. ಅದನ್ನು ಕಂಡ ಮುಖ್ಯ ಅತಿಥಿಗಳು, ಇಂಥವರು ಈ ಭಾಗದ ಹಿರಿಯ ಚೇತನವೇ ಇರಬೇಕೆಂದು ಭಾವಿಸಿ, ಅಗಲಿದ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷದ ಮೌನಾಚರಣೆಗೆ ಕರೆ ಕೊಟ್ಟರು.

ಸಭೆ ಎದ್ದು ನಿಂತಿತು. ಮೂರನೇ ಸಾಲಿನಲ್ಲಿ, ಒಂದೇ ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೊಂದನ್ನು ಮುಂದಕ್ಕೆ ಹಾಕುತ್ತಿರುವ ಕಲ್ಲಮ್ಮಜ್ಜಿಯವರೂ, ಯಾರೋ ದೊಡ್ಡವರು ಹೋಗಿರಬೇಕೆಂದು ಎದ್ದು ನಿಂತು, ತಲೆ ತುಂಬ ಸೆರಗು ಹೊದ್ದು, ಕೈ ಮುಗಿದರು. ಮೌನ ಕೇಳಿ ಹೊರಗಿನಿಂದ ಬಂದ ನಾನೂ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತೆ. ಎಲ್ಲರೂ ಕೂತ ಮೇಲೆ ಅಜ್ಜಿ ಪಕ್ಕದವರ ಕಡೆ ಬಾಗಿ, ಹೋದವರು ಯಾರಪ್ಪ ಎಂದು ಕೇಳಿದ್ದಾರೆ. ಅವರು ಗೋಡೆಯ ಕಡೆ ಕೈ ತೋರಿಸಿದ್ದಾರೆ. ಅಜ್ಜಿ ಎದ್ದು, ನಿಧಾನವಾಗಿ ನಡೆದು, ಚಿತ್ರದ ಮುಂದೆ ಹೋಗಿ ನಿಂತರು. ಆಗ ನಾನು ತಲೆ ಎತ್ತಿದೆ.

ಅವರು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೈಯಲಿಲ್ಲ. ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ. ಮೂವತ್ತು ವರ್ಷ ನಾನು ಎಷ್ಟೋ ಮುಖಗಳಿಗೆ ಎಷ್ಟೋ ನೋಟ ಬರೆದಿದ್ದೇನೆ, ಆ ನೋಟ ನನಗೆ ಬರೆಯಲು ಬರುವುದಿಲ್ಲ, ಮರೆಯಲೂ ಬರುವುದಿಲ್ಲ.

ಆಗ ತಾವು ತೋರಿಸಿದ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಥಟ್ಟನೆ ಮೈಕು ಎಳೆದುಕೊಂಡು, ಒಂದು ಸಣ್ಣ ತಿದ್ದುಪಡಿ, ಶ್ರೀಮತಿ ಕಲ್ಲಮ್ಮನವರು ಸದ್ಯಕ್ಕೆ ನಮ್ಮೊಂದಿಗಿದ್ದಾರೆ, ಎಂದು ಘೋಷಿಸಿದಿರಿ. ಸಭೆ ಚಪ್ಪಾಳೆ ತಟ್ಟಿತು. ಆ ‘ಸದ್ಯಕ್ಕೆ’ ಎಂಬುದನ್ನು ಅಜ್ಜಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರಿಗೆ ಹೋದರು. ಅಷ್ಟರಲ್ಲಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಾರ ಹಾಕಿದ ಫೋಟೋ ತಮ್ಮ ಹೆಸರಿನಿಂದಲೇ ಹೋಗಿತ್ತು. ನೂರಾ ನಲವತ್ತು ಜನ ಕೈ ಮುಗಿದಿದ್ದರು. ತಾವು ಅಲ್ಲೂ ತಿದ್ದುಪಡಿ ಹಾಕಿದಿರಿ, ಓದುವ ವ್ಯವಧಾನವಿಲ್ಲದ ಜನ ತಿದ್ದುಪಡಿಗೂ ‘ಓಂ ಶಾಂತಿ’ ಎಂದೇ ಬರೆದರು. ಮಾರನೆಯ ದಿನ ದೇವನೂರಿನಿಂದ ಅಜ್ಜಿಯ ತಂಗಿ ಪಾಪಮ್ಮನವರ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಅಳುತ್ತಾ ಬುಕ್ಕಾಂಬುಧಿಗೆ ಬಂದಿಳಿದಾಗ, ಸತ್ತವರೇ ಎದುರು ಬಂದು, ಇಷ್ಟು ಜನಕ್ಕೆ ಈಗ ಎಷ್ಟು ಮುದ್ದೆ ತಿರುವಲಿ ಎಂದು ಕೇಳಿದರಂತೆ. ಹಾರವನ್ನು ಮನೆಯ ಎಮ್ಮೆ ತಿಂದಿದೆ. ದಾರ ಮಾತ್ರ ಉಳಿದಿದೆ, ಬೇಕಿದ್ದರೆ ತಮ್ಮ ಸಮಿತಿಗೆ ತಲುಪಿಸುತ್ತೇನೆ.

ಮುಂದಿನ ಭಾನುವಾರ ನಾನು ಬಣ್ಣದ ಪೆಟ್ಟಿಗೆ ಹಿಡಿದು ಹೋದೆ. ಪ್ರದರ್ಶನ ಮುಗಿಯಲು ಇನ್ನೂ ಹದಿನೈದು ದಿನವಿತ್ತು. ಎಡಗೈಯನ್ನು ಅಲ್ಲಿ ಕಾಗದದ ಮೇಲೆ ಬರೆದುಕೊಂಡು, ಕಡೂರಿನ ಗೋಡೆಯ ಮೇಲಿರುವ, ಜೀವಂತ ಮನುಷ್ಯರ ನನ್ನ ಒಂದೇ ಒಂದು ಚಿತ್ರವನ್ನು ಪೂರ್ತಿ ಮಾಡಬೇಕೆಂಬುದು ಆಸೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದರು, ಆದರೆ ಚಿತ್ರಕ್ಕೆ ಕೂರುವುದಿಲ್ಲವೆಂದರು.

“ನಂದೊಂದು ನಿಮ್ಷ ಅವ್ರ ಹತ್ರ ಐತೆ. ಮೊದ್ಲು ಅದ್ನ ಈಸ್ಕಂಡ್ ಬಾ. ಆಮೇಲೆ ಕೈ ಬರಿ.”

ಹೀಗಾಗಿ, ಮಾನ್ಯರೇ, ಆ ಒಂದು ನಿಮಿಷವನ್ನು ತಾವು ವಾಪಸ್ ಕೊಡಿಸಬೇಕೆಂಬುದೇ ಈ ಪತ್ರದ ಪ್ರಾರ್ಥನೆ. ತಮ್ಮ ಸಮಿತಿಯ ನಿಯಮಾವಳಿಯಲ್ಲಿ ಪೆಂಡಾಲು, ಕುರ್ಚಿ, ಜಮಖಾನ ವಾಪಸ್ ಕೊಡುವುದಕ್ಕೆ ಕಲಮುಗಳಿವೆ, ನಿಮಿಷಕ್ಕೆ ಇಲ್ಲವೆಂಬುದು ನನಗೂ ಗೊತ್ತು. ಆದರೂ ಮುಂದಿನ ಸಭೆಯಲ್ಲಿ ಇಡಬಹುದಲ್ಲ. ಇಡುವಾಗ ಇನ್ನೊಂದು ವಿಷಯವೂ ಗಮನದಲ್ಲಿರಲಿ. ಬೃಂದಾ ರೈಲಿನ ಸಮಯ ನೋಡಿ ನೋಡಿ ಅಭ್ಯಾಸವಾದ ಹುಡುಗಿ. ಅವರು ಗೋಡೆ ಗಡಿಯಾರ ನೋಡಿಕೊಂಡಿದ್ದ ಪ್ರಕಾರ ಮುಖ್ಯ ಅತಿಥಿಗಳು ಇಪ್ಪತ್ತೆರಡನೇ ಸೆಕೆಂಡಿಗೇ ಓಂ ಶಾಂತಿ ಹೇಳಿ ಕೂತುಬಿಟ್ಟರು. ಬಾಕಿ ಮೂವತ್ತೆಂಟು ಸೆಕೆಂಡು ಎಲ್ಲಿ ಹೋಯಿತು? ಇದನ್ನು ಹೇಳಿದಾಗ ಅಜ್ಜಿಗೆ ಸಾಯಿಸಿದ್ದಕ್ಕಿಂತ ಹೆಚ್ಚು ಬೇಜಾರಾಯಿತು. ಹೋದವಳೆಂದು ತಿಳಿದೂ ಪೂರ್ತಿ ಒಂದು ನಿಮಿಷ ನಿಲ್ಲಲಾಗದ ಜನ, ಇದ್ದಾಳೆಂದು ತಿಳಿದ ಮೇಲೆ ಎಷ್ಟು ಹೊತ್ತು ನಿಂತಾರು ಎಂಬುದು ಅವರ ಪ್ರಶ್ನೆ. ಪ್ರಶ್ನೆಯನ್ನು ಹಾಗೆಯೇ ತಮ್ಮ ಸಮಿತಿಗೆ ದಾಟಿಸಿದ್ದೇನೆ.

ಇಷ್ಟು ಬರೆದು ನಿಲ್ಲಿಸಿದ್ದರೆ ಪತ್ರ ಚೆನ್ನಾಗಿರುತ್ತಿತ್ತು. ಆದರೆ ದೂರು ಕೊಡುವವನು ಪೂರ್ತಿ ಹೇಳಬೇಕು. ಪ್ರದರ್ಶನದಿಂದ ಚಿತ್ರ ಇಳಿಸಿಕೊಂಡು ಬಂದು ಮಳಿಗೆಯ ಬೆಳಕಿನಲ್ಲಿ ನೋಡುವಾಗ, ಕೆಳಗಿನ ಬಲಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಒಂದು ನಂದಾದೀಪ ಕಂಡಿತು. ಹಳದಿ ಕುಡಿ, ಹಿತ್ತಾಳೆಯ ಕಂಬ. ಬರೆದವನು ನಾನೇ. ಕಡೂರಿಗೆ ಕಳಿಸುವ ಬೆಳಿಗ್ಗೆ ವಾರ್ನಿಷ್ ಹೊಡೆಯುವ ಮುಂಚೆ, ಮೂವತ್ತು ವರ್ಷ ಪ್ರತಿ ಭಾವಚಿತ್ರದ ಮೂಲೆಯಲ್ಲೂ ಬರೆದ ಆ ದೀಪವನ್ನು, ನನ್ನ ಕೈ ನನ್ನನ್ನು ಕೇಳದೆ ಬರೆದು ಮುಗಿಸಿಬಿಟ್ಟಿತ್ತು. ತಮ್ಮ ತಂದೆಯವರ ಚಿತ್ರದಲ್ಲೂ ಅದೇ ದೀಪ, ಅದೇ ಮೂಲೆಯಲ್ಲಿದೆ. ಅಂದರೆ ಹಾರ ತಾವು ಹಾಕಿದ್ದು ನಿಜ, ಹಾಕಿ ಎಂದು ಚಿತ್ರದಲ್ಲಿ ಬರೆದುಕೊಟ್ಟವನು ನಾನು. ಹೊಸ್ತಿಲು ಮುಟ್ಟಿ ಕೊಟ್ಟ ಮಾತಿಗೆ ನಾನೇ ತಪ್ಪಿದೆ. ತಾವು ಇಲ್ಲಿಯವರೆಗೆ ಆ ದೀಪದ ವಿಷಯ ಎಲ್ಲೂ ಎತ್ತಿಲ್ಲ. ಅದು ತಮ್ಮ ದೊಡ್ಡ ಮನಸ್ಸೋ, ಅಥವಾ ತಾವು ಚಿತ್ರವನ್ನೇ ಸರಿಯಾಗಿ ನೋಡಿರಲಿಲ್ಲವೋ, ನಾನು ಕೆದಕಲು ಹೋಗುವುದಿಲ್ಲ.

ಮೊನ್ನೆ ಭಾನುವಾರ ಬುಕ್ಕಾಂಬುಧಿಗೆ ಹೋಗಿ ಅಜ್ಜಿಗೆ ದೀಪ ತೋರಿಸಿದೆ. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಅವ್ರು ಒಂದ್ ನಿಮ್ಷ ತಗಂಡ್ರು,” ಎಂದರು. “ನೀನು ಹನ್ನೊಂದು ಭಾನ್ವಾರ ತಗಂಡು ಅದ್ನೇ ಮಾಡ್ದಲ್ಲೋ.”

ನನಗೆ ಅಳು ಬಂತು, ಅದನ್ನು ಬಹಿರಂಗ ಪತ್ರದಲ್ಲಿ ಬರೆಯಲು ನಾಚಿಕೆಯಿಲ್ಲ. ಅಜ್ಜಿ ಚಿತ್ರವನ್ನು ಪಕ್ಕಕ್ಕಿಟ್ಟರು. ಆ ಎಡಗೈ, ಹನ್ನೊಂದು ಭಾನುವಾರ ಒಂದು ಗಳಿಗೆ ನಿಲ್ಲದ ಆ ಎಡಗೈ, ಮೊದಲ ಸಲ ಮಡಿಲಲ್ಲಿ ಅಲ್ಲಾಡದೆ ಬಿದ್ದಿತ್ತು. ಬಣ್ಣದ ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಹತ್ತು ನಿಮಿಷ ಸಾಕಿತ್ತು ನನಗೆ. ಅಂಥ ಕೈ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲ್ಲೂಕಿನಲ್ಲಿಲ್ಲ. ನಾನು ಪೆಟ್ಟಿಗೆ ತೆರೆಯಲಿಲ್ಲ. ದೀಪವನ್ನಾದರೂ ಅಳಿಸುತ್ತೇನೆ ಎಂದೆ.

“ಇರ್ಲಿ ಬಿಡೋ. ಕರೆಂಟ್ ಹೋದಾಗ ಆಯ್ತದೆ,” ಎಂದರು. ಕೈ ಎದ್ದು ಕೋಳಿ ಓಡಿಸಿತು.

ಕೊನೆಗೆ ಅವರು ಒಂದು ರಾಜಿ ಸೂತ್ರ ಹೇಳಿದ್ದಾರೆ. ತಾವು ಬರುವ ಭಾನುವಾರ ಬುಕ್ಕಾಂಬುಧಿಗೆ ದಯಮಾಡಿಸಬೇಕು. ಮೈಕು ಬೇಡ, ಶಾಲು ಬೇಡ, ಹೂವಂತೂ ಬೇಡವೇ ಬೇಡ. ಜಗಲಿಯ ಮೇಲೆ ಅಜ್ಜಿಯ ಎದುರು ಕೂತು, ಮುಖ ನೋಡಿ, ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಮಾತಾಡಬೇಕು. ಮೌನ ಆಚರಿಸಿದವರು ಮಾತಿನಲ್ಲೇ ತೀರಿಸಬೇಕೆಂಬುದು ಅವರ ಹಠ. ಏನು ಮಾತಾಡಬೇಕೆಂಬ ನಿರ್ಬಂಧವಿಲ್ಲ. ಮಂಡಿ ನೋವು ಹೇಗಿದೆ, ಈ ಸಲ ಕಾಯಿ ಹೇಗೆ ಬಿಟ್ಟಿದೆ, ಯಾವುದಾದರೂ ಆದೀತು. ಆಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಬೇಕು. ಏಳುವಾಗ ಬಾಯಿ ಬಿಟ್ಟು ‘ಹೋಗ್ಬರ್ತೀನಿ’ ಅನ್ನಬೇಕು. ಆ ದಿನ ಗ್ಯಾಲರಿಯ ಬಾಗಿಲಲ್ಲಿ ಅಜ್ಜಿಯನ್ನು ಬಸ್ಸಿಗೆ ಕಳಿಸುವಾಗ, ಸಾವಿನ ಮನೆಯಿಂದ ಹೊರಡುವವರ ಹಾಗೆ ತಾವು ಬರುತ್ತೀನೆಂಬ ಮಾತೇ ಆಡದೆ ತಿರುಗಿ ನಡೆದದ್ದನ್ನು ಅವರು ಇನ್ನೂ ಮರೆತಿಲ್ಲ.

ತಾವು ಮಾತಿಗೆ ಕೂತರೆ ಅಜ್ಜಿ ತಮ್ಮನ್ನು ಬೈಯುವುದು ಖಂಡಿತ. ಬೈಯಲು ಶುರು ಮಾಡಿದರೆಂದರೆ ಎಡಗೈ ಮೇಲೆ ಬರುತ್ತದೆ. ನಾನು ಕಂಬದ ಪಕ್ಕ ಕೂತು ಬರೆದುಕೊಳ್ಳುತ್ತೇನೆ. ತಮ್ಮ ಸಮಿತಿ ಈ ಭಾಗದ ಕಲೆಗೆ ಮಾಡಬಹುದಾದ ಇದಕ್ಕಿಂತ ದೊಡ್ಡ ಸೇವೆ ನನಗೆ ತೋಚುತ್ತಿಲ್ಲ. ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಬಸ್ಸಿದೆ. ಏರಿಯ ಮೇಲೆ ಇಳಿದು, ಬದುಕಿರುವ ಕಲ್ಲಮ್ಮನ ಮನೆ ಎಂದು ಕೇಳಿದರೆ ಈಗ ಚಿಕ್ಕ ಮಕ್ಕಳೂ ತೋರಿಸುತ್ತಾರೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಹಾಲೇಶ
ಹಾಲೇಶ್ ಆರ್ಟ್ಸ್, ಅಜ್ಜಂಪುರ
(ಆಹ್ವಾನ ಪತ್ರಿಕೆಯ ಪ್ರಕಾರ: ‘ಹಾಗೂ ಕಲಾವಿದರು’)

ತಾ.ಕ.: ಗ್ಯಾಲರಿಯ ಸ್ಥಾಪಕ ಕಾರ್ಯದರ್ಶಿಗಳೆಂದು ತಮ್ಮ ಭಾವಚಿತ್ರವನ್ನು ಒಳಬಾಗಿಲ ಮೇಲೆ ಹಾಕಿಸಬೇಕೆಂದು ತಾವು ನನಗೆ ಕೊಟ್ಟಿದ್ದ ಫೋಟೋ ಭದ್ರವಾಗಿದೆ. ಭಾನುವಾರ ತಾವು ಬಂದರೆ ತಮ್ಮನ್ನು ಎದುರಿಗೇ ಕೂರಿಸಿಕೊಂಡು ಬರೆಯುತ್ತೇನೆ. ಬರಲಾಗದಿದ್ದರೆ ಫೋಟೋ ನೋಡಿ ಬರೆಯುವುದು ನನಗೆ ಬಹಳ ಸುಲಭ, ಮೂಲೆಯ ದೀಪ ಸಮೇತ ಬೇಗ ಮುಗಿಯುತ್ತದೆ. ಅದರ ಅನಾವರಣಕ್ಕೆ ಕಲ್ಲಮ್ಮಜ್ಜಿಯವರು ಖುದ್ದಾಗಿ ಬರುವುದಾಗಿ ಒಪ್ಪಿದ್ದಾರೆ, ಮತ್ತು ತಮ್ಮ ಮುಖ್ಯ ಅತಿಥಿಗಳ ಹಾಗಲ್ಲದೆ ಪೂರ್ತಿ ಅರವತ್ತು ಸೆಕೆಂಡು ನಿಲ್ಲುವುದಾಗಿಯೂ ಭರವಸೆ ಕೊಟ್ಟಿದ್ದಾರೆ.